ಕಾಜಾ ತಲುಪಿದ ಮೇಲೆ ಎತ್ತ? ಸ್ಪಿತಿಯ ಅಡ್ಡದಾರಿಗಳ ಲೆಕ್ಕಾಚಾರ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಪರಿಚಯದವರು, ಪರಿಚಯದವರಿಗೆ ಪರಿಚಯದವರು ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ, ಕೀ ಮಠವನ್ನೂ ತಾಬೋ ಮಠವನ್ನೂ ಹೇಗೂ ನೋಡುತ್ತೇವೆ, ಮಿಕ್ಕ ಎರಡು ದಿನಕ್ಕೆ ಎಲ್ಲಿಗೆ ಹೋಗೋಣ? ಜೊತೆಗೆ ಮೊಬೈಲಿನಲ್ಲಿ ಒಂದು ಪಟ್ಟಿ. ಹದಿನಾಲ್ಕು ಹೆಸರು, ಎರಡು ಹಗಲು. ಮಮ್ಮಿ ಇರುವ ಗ್ಯೂ, ಸಮುದ್ರಜೀವಿಗಳ ಕಲ್ಲು ಸಿಗುವ ಲಾಂಗ್ಜಾ, ಬಂಡೆಯ ಮೇಲಿನ ಢಂಕರ್, ಯಾರೂ ಹೋಗದ ಲಾಲುಂಗ್, ಪಿನ್ ಕಣಿವೆ, ಚಂದ್ರತಾಲ್. ಎಲ್ಲವೂ ಬೇಕು.

ನಾನು ಆ ಪಟ್ಟಿಯನ್ನು ಹಾಗೆಯೇ ಮಡಚಿಟ್ಟು ಬೇರೊಂದನ್ನು ಬರೆಸುತ್ತೇನೆ: ಯಾವ ರಾತ್ರಿ ಯಾವ ಊರಿನಲ್ಲಿ ಮಲಗುತ್ತೀರಿ ಮತ್ತು ಯಾವ ಕಡೆಯಿಂದ ಬರುತ್ತೀರಿ. ಸ್ಪಿತಿಯಲ್ಲಿ ಜಾಗಗಳ ಹೆಚ್ಚುಗಾರಿಕೆ ಈ ಎರಡು ಉತ್ತರಗಳ ಮೇಲೆ ತಲೆಕೆಳಗಾಗುತ್ತದೆ. ಒಬ್ಬರಿಗೆ ಪ್ರವಾಸದ ಕಳಶವಾದ ಊರು ಇನ್ನೊಬ್ಬರಿಗೆ ಬರೀ ತಲೆನೋವಾಗುತ್ತದೆ. ಇದು ಮಾತಿನ ಅಲಂಕಾರವಲ್ಲ.

ಮೊದಲು ಅಳತೆಗೋಲು

ಹಿಮಾಚಲ ಪ್ರದೇಶದ ಈ ಕಣಿವೆಯ ಮುಖ್ಯ ಊರು ಕಾಜಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಬೆಂಗಳೂರು 920 ಮೀಟರ್. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸೂತ್ರ. ಹಗಲು ಎತ್ತರಕ್ಕೆ ಹೋಗಿ ಬರುವುದು ಬೇರೆ, ಅಲ್ಲೇ ರಾತ್ರಿ ಕಳೆಯುವುದು ಬೇರೆ. ಹಾಗಾಗಿ ಯಾವ ಜಾಗವನ್ನೇ ತೂಗಿದರೂ ನನ್ನ ಮೊದಲ ಪ್ರಶ್ನೆ ಅಲ್ಲಿ ಮಲಗಬೇಕಾಗುತ್ತದೆಯೇ ಎಂಬುದು.

ಎರಡನೆಯದು ವಾಹನ. ಕಾಜಾದ ಟ್ಯಾಕ್ಸಿ ಒಕ್ಕೂಟ ದರ ಕಟ್ಟುವುದು ಗಾಡಿಗೆ, ತಲೆಗಲ್ಲ. ನಾಲ್ವರಿದ್ದರೆ ಹಗುರ, ಒಬ್ಬರೇ ಇದ್ದರೆ ಜೇಬಿಗೆ ಕತ್ತರಿ. ಬಸ್ಸು ಅಗ್ಗ, ಆದರೆ ಅದು ಊರಿನವರ ಅನುಕೂಲಕ್ಕೆ ಓಡುತ್ತದೆಯೇ ಹೊರತು ನಮ್ಮ ಅನುಕೂಲಕ್ಕಲ್ಲ. ಮೂರನೆಯದು ಮಂಡಿಯ ಬಲ. ಕಡೆಯದಾಗಿ, ನೋಡಬೇಕಾದದ್ದು ಏನು: ಗೋಡೆಯ ಚಿತ್ರವೇ, ಕಲ್ಲೇ, ಪ್ರಾಣಿಯೇ, ಬರೀ ಏಕಾಂತವೇ? ಇದನ್ನು ಕೇಳಿದರೆ ಹೆಚ್ಚಿನವರು "ಎಲ್ಲವೂ" ಎನ್ನುತ್ತಾರೆ. ಒತ್ತಾಯಿಸಿ ಕೇಳಿದಾಗ ಒಂದು ಹೊರಬರುತ್ತದೆ.

ದಾರಿಯ ಮಾತು ಇಲ್ಲೇ ಮುಗಿಸುತ್ತೇನೆ. ಶಿಮ್ಲಾದಿಂದ ಕಿನ್ನೌರ್ ಹಾದು ಬಂದರೆ ನಾನ್ನೂರು ಕಿಲೋಮೀಟರಿಗೂ ಮಿಕ್ಕಿ. ಆದರೆ ಮೆಲ್ಲಮೆಲ್ಲನೆ ಏರುವ ದಾರಿ. ಕಲ್ಪಾದಲ್ಲಿ ಒಂದೆರಡು ರಾತ್ರಿ, ನಾಕೋ ಅಥವಾ ತಾಬೋದಲ್ಲಿ ಒಂದು, ಆಮೇಲೆ ಕಾಜಾ. ಮನಾಲಿಯಿಂದ ಸುಮಾರು ಇನ್ನೂರೇ ಕಿಲೋಮೀಟರ್. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಏರುವ ತಾಪತ್ರಯವೂ ತಪ್ಪಿದೆ. ಆದರೆ ಎರಡು ಸಾವಿರ ಮೀಟರಿನ ಮನಾಲಿಯಿಂದ ಹೊರಟು, 4,550 ಮೀಟರಿನ ಕುಂಜುಮ್ ಕಣಿವೆದಾರಿ ದಾಟಿ, ಅದೇ ಸಂಜೆ ಕಾಜಾದಲ್ಲಿ ಇಳಿಯುವ ದೇಹ ಮರುದಿನ ಏನನ್ನೂ ನೋಡುವ ಸ್ಥಿತಿಯಲ್ಲಿರುವುದಿಲ್ಲ. ಕುಂಜುಮ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಜೂನ್ ಹೊತ್ತಿಗೆ ತೆರೆದು ಅಕ್ಟೋಬರ್ ಕಳೆಯುವಷ್ಟರಲ್ಲಿ ಮತ್ತೆ ಹಿಮಕ್ಕೆ ಸಿಕ್ಕುತ್ತದೆ. ನನ್ನ ಸಲಹೆ ಶಿಮ್ಲಾ ಕಡೆಯಿಂದ ಬಂದು ಮನಾಲಿ ಕಡೆಗೆ ಇಳಿಯುವುದು. ಮುಂದಿನ ಮಾತೆಲ್ಲ ಇದನ್ನೇ ನೆಚ್ಚಿಕೊಂಡಿದೆ.

ಗ್ಯೂ: ದಾರಿಯಲ್ಲಿದ್ದರೆ ಮಾತ್ರ

ಶಿಮ್ಲಾ ಕಡೆಯಿಂದ ಬರುವವರಿಗೆ ಸುಮ್ದೋ ದಾಟಿದ ಮೇಲೆ, ತಾಬೋಗೆ ಮೊದಲು, ಬಲಕ್ಕೆ ಎಂಟು ಕಿಲೋಮೀಟರಿನ ಕವಲು. ಟಿಬೆಟ್ ಗಡಿಗೆ ಅಂಟಿಕೊಂಡಂತಿರುವ ಪುಟ್ಟ ಊರು. 1975ರ ಕಿನ್ನೌರ್ ಭೂಕಂಪದಲ್ಲಿ ಇಲ್ಲಿನ ಹಳೆಯ ಸಮಾಧಿಯೊಂದು ಬಿರುಕು ಬಿಟ್ಟಿತು. ಒಳಗೆ ಕುಳಿತ ಭಂಗಿಯಲ್ಲೇ ಒಣಗಿ ಉಳಿದಿದ್ದ ಭಿಕ್ಷುವಿನ ದೇಹವಿತ್ತು. ಸುಮಾರು ಐನೂರು ವರ್ಷ ಹಳೆಯದು. ಸಂಘಾ ತೆನ್ಜಿನ್ ಎಂದು ಹೆಸರು ಹೇಳುತ್ತಾರೆ. ಊರನ್ನು ಚೇಳಿನ ಕಾಟದಿಂದ ಪಾರು ಮಾಡಲು ಅವರೇ ಹೀಗೆ ಕುಳಿತು ದೇಹ ಬಿಟ್ಟರೆಂದು ಊರಿನ ಕತೆ. ಈಗ ಗಾಜಿನ ಪೆಟ್ಟಿಗೆಯಲ್ಲಿ, ಚಿಕ್ಕ ಗುಡಿಯೊಂದರಲ್ಲಿ ಇಟ್ಟಿದ್ದಾರೆ. ಹಲ್ಲು ಕಾಣುತ್ತದೆ, ತಲೆಯ ಮೇಲೆ ಕೂದಲು ಉಳಿದಿದೆ, ಧ್ಯಾನಕ್ಕೆ ಕುಳಿತಾಗ ಮೈಯನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ ಕತ್ತು ಮತ್ತು ಮಂಡಿಯನ್ನು ಸುತ್ತಿದೆ.

ಸಜೀವ ವೃಂದಾವನದ ಕತೆ ಕೇಳಿ ಬೆಳೆದ ನಮಗೆ ಇದರ ಹಿಂದಿನ ನಂಬಿಕೆ ಹೊಸದಲ್ಲ. ನಮ್ಮಲ್ಲಿ ಕಲ್ಲು ಮುಚ್ಚಿರುತ್ತದೆ, ಇಲ್ಲಿ ಗಾಜಿನ ಆಚೆ ಮುಖ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ಸಣ್ಣದೇನಲ್ಲ; ನನ್ನ ಜೊತೆಗಿದ್ದವರೊಬ್ಬರು ಎರಡು ನಿಮಿಷಕ್ಕೆ ಹೊರಗೆ ಹೋಗಿ ಕುಳಿತರು.

ಆದರೆ ನೋಡುವುದು ಹದಿನೈದು ನಿಮಿಷ. ಶಿಮ್ಲಾ ಕಡೆಯಿಂದ ಬರುವಾಗ ಹಾದಿಯಲ್ಲೇ ಒಂದೂವರೆ ಗಂಟೆ ತೆಗೆದರೆ ಸಾಕು, ಅದಕ್ಕಾಗಿ ರಾತ್ರಿ ಬೇಡ, ಹೆಚ್ಚುವರಿ ಖರ್ಚೂ ಬೇಡ. ಕಾಜಾ ತಲುಪಿದ ಮೇಲೆ ಗ್ಯೂಗಾಗಿಯೇ ಗಾಡಿ ಮಾಡಿಕೊಂಡು ತಾಬೋ ದಾಟಿ ವಾಪಸ್ ಬರುವುದು ಮಾತ್ರ ಇಡೀ ದಿನವನ್ನು ಟಾರಿಗೆ ಹಾಕಿದ ಹಾಗೆ. ಮನಾಲಿಯಿಂದ ಬಂದು ಮನಾಲಿಗೇ ಹಿಂತಿರುಗುವವರು ಇದನ್ನು ಪಟ್ಟಿಯಿಂದ ಹೊಡೆದು ಹಾಕಿ.

ಢಂಕರ್ ಮತ್ತು ಲಾಲುಂಗ್: ನನ್ನ ಪಕ್ಷಪಾತ ಇಲ್ಲಿದೆ

ತಾಬೋದ ಹಿನ್ನೆಲೆ ಇಲ್ಲದೆ ಲಾಲುಂಗ್ ಅರ್ಥವಾಗುವುದಿಲ್ಲವಾದ್ದರಿಂದ ಎರಡು ಮಾತು. ತಾಬೋ ಮಠ ಕಟ್ಟಿದ್ದು 996ರಲ್ಲಿ. ಶ್ರವಣಬೆಳಗೊಳದ ಗೊಮ್ಮಟ ಎದ್ದು ನಿಂತು ಆಗಿನ್ನೂ ಹೆಚ್ಚುಕಡಿಮೆ ಹದಿನೈದು ವರ್ಷ. ಪಶ್ಚಿಮ ಟಿಬೆಟಿನ ಗೂಗೆ ರಾಜ್ಯದ ಅರಸ ಯೆಶೆ ಓ ಕಟ್ಟಿಸಿದ. ಸಂಸ್ಕೃತ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದ ರಿಂಚೆನ್ ಜಾಂಗ್ಪೋ ಎಂಬ ಮಹಾ ಅನುವಾದಕನ ಹೆಸರು ಇದರೊಂದಿಗೆ ಬೆಸೆದಿದೆ. ಹೊರಗಿನಿಂದ ಮಣ್ಣಿನ ಗುಡ್ಡೆ, ಒಳಗೆ ಗೋಡೆಯಿಂದ ಎದ್ದು ಬಂದಂತೆ ಕುಳಿತ ಆಳೆತ್ತರದ ಗಾರೆ ಮೂರ್ತಿಗಳು, ಕಾಶ್ಮೀರಿ ಕೈಚಳಕದ ಚಿತ್ರಗಳು. ಒಳಗೆ ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ, ಜನ ಕಣ್ಣಿನಿಂದ ನೋಡುತ್ತಾರೆ.

ಲಾಲುಂಗಿನ ಸೆರ್ಖಾಂಗ್, ಅಂದರೆ ಚಿನ್ನದ ಗುಡಿ, ತಾಬೋದ ಪುಟ್ಟ ತಂಗಿ. ಊರಿನವರು ಇದನ್ನೂ ರಿಂಚೆನ್ ಜಾಂಗ್ಪೋ ಕಟ್ಟಿಸಿದ ಗುಡಿಗಳಲ್ಲಿ ಎಣಿಸುತ್ತಾರೆ. ಒಂದೇ ಕೋಣೆ. ಬೀಗ ಹಾಕಿರುತ್ತದೆ, ಬೀಗದ ಕೈ ಊರಿನಲ್ಲಿ ಯಾರ ಬಳಿಯೋ ಇರುತ್ತದೆ. ನಾವು ಹೋದದ್ದು ಆಗಸ್ಟಿನಲ್ಲಿ, ಬಟಾಣಿ ಕೀಳುವ ಕಾಲ. ಸ್ಪಿತಿಯ ಹಸಿ ಬಟಾಣಿಗೆ ಬಯಲಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ, ಆ ದಿನಗಳಲ್ಲಿ ಊರಿಗೆ ಊರೇ ಹೊಲದಲ್ಲಿ. ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬ ಅಜ್ಜಿ ಮಡಿಲಿನಲ್ಲಿ ಬಟಾಣಿ ತುಂಬಿಕೊಂಡೇ ಬಂದರು. ಗೇಣುದ್ದದ ಕಬ್ಬಿಣದ ಬೀಗದ ಕೈಯನ್ನು ಎರಡು ಕೈಯಲ್ಲಿ ತಿರುಗಿಸಿ, ಹೆಗಲು ಕೊಟ್ಟು ಬಾಗಿಲು ತಳ್ಳಿದರು. ಒಳಗೆ ಮೊದಲು ಕತ್ತಲು, ಬೆಣ್ಣೆದೀಪದ ಹಳೆಯ ಜಿಡ್ಡಿನ ವಾಸನೆ. ಟಾರ್ಚಿನ ವೃತ್ತ ಗೋಡೆಯ ಮೇಲೆ ಸರಿದಂತೆಲ್ಲ ಒಂದೊಂದೇ ಬೆರಳು, ಕಿರೀಟ, ಬಳ್ಳಿ, ಮಕರದ ಬಾಯಿ. ಮೂರು ಗೋಡೆಯೂ ಗಾರೆಯ ಮೂರ್ತಿಗಳಿಂದ ತುಂಬಿದೆ. ಖಾಲಿ ಜಾಗ ಬಿಡುವುದು ಪಾಪವೆಂದು ಶಿಲ್ಪಿ ತಿಳಿದಿದ್ದನೇನೋ. ಅಜ್ಜಿ ಹೊಸ್ತಿಲ ಮೇಲೆ ಕುಳಿತು ಬಟಾಣಿ ಸುಲಿಯುತ್ತಾ ನಮ್ಮನ್ನು ಅವಸರಿಸಲಿಲ್ಲ. ಹೊರಡುವಾಗ ಒಂದು ಬೊಗಸೆ ಬಟಾಣಿ ಕೊಟ್ಟರು. ತಾಬೋದಲ್ಲಿ ಹತ್ತಾರು ಜನರ ನಡುವೆ ನಿಂತು ನೋಡಿದ್ದನ್ನು ಇಲ್ಲಿ ಒಬ್ಬರೇ ನಿಂತು ನೋಡಬಹುದು. ನನಗೆ ಸ್ಪಿತಿಯೆಂದರೆ ಆ ಮುಕ್ಕಾಲು ಗಂಟೆಯ ಕಾಯುವಿಕೆಯೂ ಸೇರಿ.

ಢಂಕರ್ ಇದಕ್ಕೆ ತದ್ವಿರುದ್ಧ, ದೂರದಿಂದಲೇ ಕೈಬೀಸಿ ಕರೆಯುವ ಜಾಗ. ಪಿನ್ ಮತ್ತು ಸ್ಪಿತಿ ನದಿಗಳು ಕೂಡುವ ಕಡೆ, ಸುಮಾರು 3,900 ಮೀಟರ್ ಎತ್ತರದಲ್ಲಿ, ಮಣ್ಣು ಬೆಣಚುಕಲ್ಲು ಬೆರೆತ ಮೊನೆಗಳ ಸಂದಿನಲ್ಲಿ ಹಳೆಯ ಮಠ ಸಿಕ್ಕಿಸಿಟ್ಟಂತಿದೆ. ನೋನೋಗಳೆಂಬ ಸ್ಪಿತಿಯ ಒಡೆಯರ ಕಾಲದಲ್ಲಿ ಇದೇ ರಾಜಧಾನಿ. ಮಠದ ಮೇಲುಗಡೆ ಅವರ ಕೋಟೆಯ ಅವಶೇಷವಿದೆ. ಬಂಡೆ ಸವೆಯುತ್ತಿದೆ. 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಜಗತ್ತಿನ ಅಪಾಯದಲ್ಲಿರುವ ನೂರು ತಾಣಗಳ ಪಟ್ಟಿಗೆ ಸೇರಿಸಿತು. ಹೊಸ ಮಠವನ್ನು ಈಚೆ ಗಟ್ಟಿ ನೆಲದಲ್ಲಿ ಕಟ್ಟಿಕೊಂಡಿದ್ದಾರೆ. ಹಳೆಯದರ ಒಳಗೆ ಹೋದಾಗ ಗುಂಪಾಗಿ ಒಂದೇ ಕೋಣೆಯಲ್ಲಿ ನಿಲ್ಲಬೇಡಿ, ನೆಲ ಮರದ್ದು, ಅದರ ಕೆಳಗೆ ಏನಿದೆ ಎಂದು ಯೋಚಿಸದಿರುವುದೇ ವಾಸಿ.

ಊರಿನ ಮೇಲೆ 4,100 ಮೀಟರಿಗೂ ಎತ್ತರದಲ್ಲಿ ಒಂದು ಸರೋವರ. ಏರಲು ಒಂದು ಗಂಟೆ, ಉಸಿರು ಕೈಕೊಟ್ಟರೆ ಒಂದೂವರೆ. ಮಳೆ ಹಿಮ ಕಡಿಮೆಯಾದ ವರ್ಷ ನೀರು ಕೆಳಗಿಳಿದು ನಿರಾಸೆಯಾಗಬಹುದು. ಆಗಲೂ ಅಲ್ಲಿಂದ ಕಾಣುವ ಮನಿರಂಗ್ ಶಿಖರದ ಸಾಲು ಏರಿದ ಶ್ರಮವನ್ನು ತೀರಿಸುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಅವರನ್ನು ಊರಿನ ಬಿಸಿಲಿನಲ್ಲಿ ಕುಳ್ಳಿರಿಸಿ, ಉಳಿದವರು ಹೋಗಿ ಬನ್ನಿ.

ವೆಚ್ಚದ ಮಾತು: ತಾಬೋದಿಂದ ಕಾಜಾಗೆ ಹೋಗುವ ಗಾಡಿಯಲ್ಲೇ ಶಿಚ್ಲಿಂಗ್ ಬಳಿ ಎಂಟು ಕಿಲೋಮೀಟರ್ ಮೇಲಕ್ಕೆ ತಿರುಗಿ ಢಂಕರಿನಲ್ಲಿ ರಾತ್ರಿ ಉಳಿದು, ಮರುದಿನ ಲಾಲುಂಗ್ ನೋಡಿಕೊಂಡು ಕಾಜಾ ಸೇರಿದರೆ ಹೆಚ್ಚುವರಿ ಖರ್ಚು ಅಲ್ಪ. ತಾಬೋ 3,280 ಮೀಟರ್, ಢಂಕರ್ 3,900. ಸೂತ್ರಕ್ಕಿಂತ ಸ್ವಲ್ಪ ಹೆಚ್ಚೇ. ಆದರೆ ಹಿಂದಿನ ದಿನಗಳಲ್ಲಿ 3,660 ಮೀಟರಿನ ನಾಕೋದಲ್ಲಿ ಮಲಗಿದ್ದವರಿಗೆ ತೊಂದರೆಯಾಗುವುದು ಕಡಿಮೆ. ನಾಕೋದ ಕೆರೆ ಮತ್ತು ಅಲ್ಲಿನ ಹಳೆಯ ಗುಡಿಗಳಿಗೆ ನಾನು ಪ್ರತ್ಯೇಕ ದಿನ ಕೊಡುವುದಿಲ್ಲ, ರಾತ್ರಿ ಮಾತ್ರ ಕೊಡುತ್ತೇನೆ. ಅದಕ್ಕೆ ಕಾರಣ ಇದೇ.

ಲಾಂಗ್ಜಾ, ಹಿಕ್ಕಿಂ, ಕೋಮಿಕ್: ಅರ್ಧ ದಿನದಲ್ಲಿ ಮುಗಿಸಬೇಡಿ, ಮುಗಿಸುವುದಾದರೆ ಹೋಗಲೇಬೇಡಿ

ಕಾಜಾದಿಂದ ಲಾಂಗ್ಜಾ ಹದಿನಾರು ಕಿಲೋಮೀಟರ್, ಎತ್ತರ 4,400 ಮೀಟರ್. ಮೂರು ಊರನ್ನು ಸುತ್ತಿಸಿ ಊಟದ ಹೊತ್ತಿಗೆ ಕಾಜಾಗೆ ತಂದುಬಿಡುವ ಗಾಡಿಗಳು ಬೆಳಗ್ಗೆ ಸಾಲಾಗಿ ನಿಂತಿರುತ್ತವೆ. ಒಬ್ಬರೇ ಬಂದವರಿಗೆ ಜೊತೆ ಸಿಗುವುದು ಈ ದಾರಿಯಲ್ಲೇ ಸುಲಭ, ಹಾಗಾಗಿ ತಲೆವೆಚ್ಚ ಕಡಿಮೆ. ಹಿಕ್ಕಿಂನಲ್ಲಿ 1983ರಿಂದ ಇರುವ ಅಂಚೆ ಕಚೇರಿಯಿಂದ ಊರಿಗೊಂದು ಕಾರ್ಡು ಹಾಕುವುದು, ಕೋಮಿಕ್‌ನಲ್ಲಿ "ಜಗತ್ತಿನ ಅತಿ ಎತ್ತರದ" ಎಂದು ಶುರುವಾಗುವ ಫಲಕದ ಮುಂದೆ ನಿಲ್ಲುವುದು, ಲಾಂಗ್ಜಾದ ದೊಡ್ಡ ಬುದ್ಧನ ಪಕ್ಕ ಫೋಟೊ. ಇಷ್ಟಕ್ಕೆ ಅರ್ಧ ದಿನ ಸಾಕು ಎನ್ನುವುದು ನಿಜ. ಇಷ್ಟಕ್ಕೇ ಹೋಗಬೇಕೇ ಎಂಬುದು ನನ್ನ ತಕರಾರು.

ಲಾಂಗ್ಜಾದಲ್ಲಿ ನೋಡಬೇಕಾದದ್ದು ಕಾಲಡಿಯಲ್ಲಿದೆ. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ತಳದ ಕಪ್ಪು ಜೇಡಿಪದರ ಈಗ ಊರಿನ ಹಿಂದಿನ ಹಳ್ಳದಲ್ಲಿ ಹೊರಗೆ ಬಿದ್ದಿದೆ. ಅದರಲ್ಲಿ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಜೀವಿಗಳ ಪಳೆಯುಳಿಕೆ. ಒಂದು ಮಗು ಅಂಗೈ ಚಾಚಿ ತೋರಿಸಿದ ಕರಿಕಲ್ಲನ್ನು ನೋಡಿ ನಾನು ಒಂದು ಕ್ಷಣ ಮಾತು ಮರೆತೆ: ಅಜ್ಜನ ಮನೆಯ ದೇವರ ಪೆಟ್ಟಿಗೆಯಲ್ಲಿದ್ದ ಸಾಲಿಗ್ರಾಮ! ಹೋಲಿಕೆ ಆಕಸ್ಮಿಕವಲ್ಲ. ನೇಪಾಳದ ಗಂಡಕಿಯಲ್ಲಿ ಸಿಗುವ ಸಾಲಿಗ್ರಾಮವೂ ಅದೇ ಸಮುದ್ರದ ಅಮೋನೈಟೇ. ಚಕ್ರವೆಂದು ನಾವು ಪೂಜಿಸುವುದು ಆ ಜೀವಿಯ ಚಿಪ್ಪಿನ ಸುರುಳಿ. ಊರಿಗೆ ಬಂದು ಹೇಳಿದಾಗ ಚಿಕ್ಕಮ್ಮ ಕೇಳಿದ ಮೊದಲ ಪ್ರಶ್ನೆ, ಒಂದು ತರಬಾರದಿತ್ತೇ ಎಂದು. ತರಬಾರದು. ಮಕ್ಕಳು ಮಾರಲು ಬಂದರೂ ಕೊಳ್ಳಬಾರದು. ಆ ಹಳ್ಳ ಖಾಲಿಯಾಗುತ್ತಿರುವುದೇ ಹಾಗೆ.

ಪಳೆಯುಳಿಕೆಯ ಹಳ್ಳಕ್ಕೆ ಊರಿನವರನ್ನು ಕರೆದುಕೊಂಡು ನಡೆದು ಹೋಗಬೇಕು, ಅದಕ್ಕೆ ಅರ್ಧ ದಿನ ಬೇಕು. ಸಂಜೆ 6,303 ಮೀಟರಿನ ಚೌ ಚೌ ಕಾಂಗ್ ನೀಲ್ದಾ ಶಿಖರ ಕೆಂಪಾಗುವುದನ್ನು ಕಾಣಲು ಅಲ್ಲೇ ಉಳಿಯಬೇಕು. ಆದರೆ ಉಳಿಯುವುದು 4,400 ಮೀಟರಿನಲ್ಲಿ. ಕಾಜಾದಲ್ಲಿ ಕನಿಷ್ಠ ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂದವರಿಗೆ ಮಾತ್ರ ಇದು ಸಲ್ಲುತ್ತದೆ. ತಲೆ ಸಿಡಿಯುತ್ತಿದ್ದರೆ, ಊಟ ಸೇರದಿದ್ದರೆ, ಆ ದಿನ ಬಿಟ್ಟುಬಿಡಿ. ಚಿಕ್ಕ ಮಕ್ಕಳು, ಹೃದಯದ ತೊಂದರೆ ಇರುವವರು ಇದ್ದರೆ ಹಗಲಿನ ಸುತ್ತಾಟವೇ ಸರಿ. ಆಗ ಮೂರು ಊರಿನ ಆಸೆ ಬಿಟ್ಟು ಲಾಂಗ್ಜಾ ಒಂದರಲ್ಲೇ ಮಧ್ಯಾಹ್ನದವರೆಗೆ ಇರಿ.

ಕೀ ಮಠದ ಮೇಲಿನ ಕಿಬ್ಬರ್ ಮತ್ತು ಚಿಚಮ್ ಬಗ್ಗೆ ಹೆಚ್ಚು ಹೇಳಲಾರೆ. ಎರಡರ ನಡುವಿನ ಆಳ ಕಮರಿಗೆ 2017ರಲ್ಲಿ ಸೇತುವೆಯಾಗುವ ಮೊದಲು ಜನ ತಂತಿಗೆ ನೇತುಹಾಕಿದ ತೊಟ್ಟಿಲಿನಲ್ಲಿ ದಾಟುತ್ತಿದ್ದರು. ಈಗ ಸೇತುವೆಯ ಮೇಲೆ ಗಾಡಿಗಳು ನಿಂತು ದಟ್ಟಣೆಯಾಗುತ್ತದೆ. ಕೀ ಮಠಕ್ಕೆ ಹೋದ ದಿನವೇ ಮುಂದುವರಿದು ನೋಡಿ ಬರಬಹುದು. ಹಿಮಚಿರತೆಗಾಗಿ ಕಿಬ್ಬರಿಗೆ ಹೋಗುವುದು ಬೇರೆಯದೇ ಪ್ರವಾಸ: ಫೆಬ್ರುವರಿ ಮಾರ್ಚಿನ ಕೊರೆಯುವ ಹಿಮದಲ್ಲಿ, ಊರಿನ ಶೋಧಕರೊಂದಿಗೆ, ವಾರಗಟ್ಟಲೆ ಕಾದು. ಬೇಸಿಗೆ ಪ್ರವಾಸದ ಬಜೆಟ್ಟಿಗೆ ಅದನ್ನು ಹೋಲಿಸಲೇಬಾರದು.

ಪಿನ್ ಕಣಿವೆ: ದಿನಗಳಿದ್ದವರಿಗೆ, ಹಣ ಕಡಿಮೆ ಇದ್ದವರಿಗೆ

ಅತ್ತರ್ಗೋ ಸೇತುವೆಯ ಬಳಿ ತಿರುಗಿದರೆ ಪಿನ್. ಕೊನೆಯ ಊರು ಮುಧ್, ಕಾಜಾದಿಂದ ಸುಮಾರು ಐವತ್ತು ಕಿಲೋಮೀಟರ್, ಎತ್ತರ 3,800 ಮೀಟರ್ ಆಸುಪಾಸು. ಕಾಜಾಗಿಂತ ಅಷ್ಟೇನೂ ಎತ್ತರವಲ್ಲ, ಹಾಗಾಗಿ ಮಲಗಲು ಹಿತ. ಹಿಂದೆ ಕೆಂಪು, ನೇರಳೆ, ಬೂದು ಪಟ್ಟೆಗಳ ಬೆಟ್ಟ, ಮುಂದೆ ಹಸಿರು ಬಟಾಣಿ ಹೊಲ. ಬಸ್ಸು ಸಾಮಾನ್ಯವಾಗಿ ಕಾಜಾದಿಂದ ಇಳಿಹೊತ್ತಿಗೆ ಹೊರಟು ಮುಧ್‌ನಲ್ಲಿ ತಂಗಿ, ಮರುದಿನ ನಸುಕಿನಲ್ಲಿ ಮರಳುತ್ತದೆ. ಅಂದರೆ ಬಸ್ಸಿನಲ್ಲಿ ಹೋದವರು ಒಂದು ಪೂರ್ತಿ ಹಗಲು ಬೇಕೆಂದರೆ ಎರಡು ರಾತ್ರಿ ಉಳಿಯಲೇಬೇಕು. ಇದೇ ಅನಾನುಕೂಲ, ಇದೇ ಅನುಕೂಲ. ಮನೆವಾಸದಲ್ಲಿ (ಹೋಮ್‌ಸ್ಟೇ) ಊಟ ಸೇರಿ ಆಗುವ ಖರ್ಚು ಒಂದು ದಿನದ ಟ್ಯಾಕ್ಸಿಗಿಂತ ಎಷ್ಟೋ ಕಡಿಮೆ.

ಧರ್ಮದ ದೃಷ್ಟಿಯಿಂದಲೂ ಪಿನ್ ಬೇರೆ. ಕೀ, ತಾಬೋ, ಢಂಕರ್‌ಗಳು ಟಿಬೆಟನ್ ಬೌದ್ಧರ ಗೆಲುಗ್ ಪಂಥದವು, ಕೋಮಿಕ್ ಸಾಕ್ಯ, ಪಿನ್ ಮಾತ್ರ ನಿಂಗ್ಮಾ. ನಮಗಿದು ಗೊತ್ತಿರುವ ಪಂಥವೇ: ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಬುದ್ಧನ ಪಕ್ಕ ಹೊಳೆಯುವ ಪದ್ಮಸಂಭವನೇ ಇಲ್ಲಿನ ಕುಂಗ್ರಿ ಮಠದ ಗುರು. ಸ್ಪಿತಿಯ ಹುಡುಗರು ಓದಲು ಬೈಲುಕುಪ್ಪೆ, ಮುಂಡಗೋಡಿನ ದೊಡ್ಡ ಮಠಗಳಿಗೆ ಬರುವುದು ವಾಡಿಕೆ. ಕುಂಗ್ರಿಯ ಅಂಗಳದಲ್ಲಿ ನಾವು ಕನ್ನಡದಲ್ಲಿ ಜಗಳವಾಡುತ್ತಿದ್ದಾಗ (ಟಾರ್ಚು ಯಾರು ಮರೆತರೆಂದು) ಹತ್ತಿರವಿದ್ದ ಯುವ ಭಿಕ್ಷು ನಗುತ್ತಾ "ಊಟ ಆಯಿತೇ?" ಎಂದರು. ಜಗಳ ಅಲ್ಲಿಗೆ ನಿಂತಿತು. ಕತ್ತಿಯನ್ನು ಹೊಟ್ಟೆಗೆ ಒತ್ತಿಕೊಂಡು ಕುಣಿದು, ಮನುಷ್ಯನ ಹೊಟ್ಟೆಯ ಮೇಲೆ ಚಪ್ಪಡಿ ಒಡೆಯುವ ಬುಚೆನ್‌ಗಳೂ ಈ ಕಣಿವೆಯವರೇ. ಆದರೆ ಅದು ಅವರ ಪೂಜೆ, ಪ್ರವಾಸಿಗರಿಗೆಂದು ದಿನವೂ ನಡೆಯುವ ಆಟವಲ್ಲ. ಅದನ್ನು ನೆಚ್ಚಿಕೊಂಡು ಹೋಗಬೇಡಿ.

ನಷ್ಟ ಏನು? ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಮಳೆಯಾದರೆ ದಾರಿಗೆ ಅಡ್ಡ ಬರುವ ಹಳ್ಳಗಳು ಉಕ್ಕಿ ಒಂದು ದಿನ ಸಿಕ್ಕಿಬೀಳಬಹುದು. ಮರಳುವ ವಿಮಾನದ ಹಿಂದುಮುಂದಿನ ದಿನಗಳಿಗೆ ಪಿನ್ ಅನ್ನು ಇಟ್ಟುಕೊಳ್ಳಲೇಬೇಡಿ.

ಚಂದ್ರತಾಲ್: ಅದೇ ಸರೋವರ, ಎರಡು ಬಗೆ

ಸುಮಾರು 4,300 ಮೀಟರ್. ಜೌಗು ನೆಲಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿ 2005ರಿಂದ ಇರುವ ತಾಣವಾದ್ದರಿಂದ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ. ಬಿಡಾರಗಳು ದೂರದಲ್ಲಿವೆ, ಮನೆವಾಸಕ್ಕಿಂತ ದುಬಾರಿ. ಮನಾಲಿಯಿಂದ ಹೊರಟ ಮೊದಲ ರಾತ್ರಿಯೇ ಇಲ್ಲಿ ಮಲಗುವವರು ಬೆಳಗಿನ ಜಾವ ವಾಂತಿ ಮಾಡಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೆಳಗಿಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಕಾಜಾದಲ್ಲಿ ನಾಲ್ಕೈದು ದಿನ ಕಳೆದು ಮನಾಲಿಗೆ ಇಳಿಯುವವರಿಗೆ ಅದೇ ರಾತ್ರಿ ನಕ್ಷತ್ರ ಎಣಿಸುವ ರಾತ್ರಿ. ಬಂದ ದಾರಿಯಲ್ಲೇ ಶಿಮ್ಲಾಗೆ ಮರಳುವವರು ಇದಕ್ಕಾಗಿ ಕುಂಜುಮ್ ದಾಟಿ ವಾಪಸ್ ಬರುವ ಗೋಜಿಗೆ ಹೋಗದಿರಲಿ.

ಹಾಗಾದರೆ ನಿಮಗೆ ಯಾವುದು?

ಎರಡೇ ದಿನ, ಜೊತೆಗೆ ಅರವತ್ತು ದಾಟಿದ ಅಪ್ಪ ಅಮ್ಮ, ಶಿಮ್ಲಾ ಕಡೆಯ ಗಾಡಿ: ಗ್ಯೂ ದಾರಿಯಲ್ಲಿ, ಢಂಕರಿನಲ್ಲಿ ರಾತ್ರಿ, ಮರುದಿನ ಲಾಲುಂಗ್. ಅವರಿಗೆ ಉಸಿರಾಟ ಕಷ್ಟವಾದರೆ ತಾಬೋದಲ್ಲೇ ಎರಡು ರಾತ್ರಿ ಮಲಗಿ, ಢಂಕರ್ ಹಗಲಿನಲ್ಲಿ ನೋಡಿ. ತಾಬೋದ ಸುತ್ತ ಸೇಬಿನ ತೋಟವಿದೆ, ಹಿರಿಯರಿಗೆ ಬೇಸರವಾಗದು. ಒಬ್ಬರೇ, ಬಸ್ಸಿನಲ್ಲಿ, ಬಿಗಿ ಬಜೆಟ್ಟಿನಲ್ಲಿ, ಆದರೆ ಮೂರು ದಿನ ಇದೆ: ಕಣ್ಣು ಮುಚ್ಚಿ ಪಿನ್. ಹತ್ತು ಹನ್ನೆರಡು ವರ್ಷದ, ಕಲ್ಲು ಹುಳು ಎಂದರೆ ಕುತೂಹಲವಿರುವ ಮಕ್ಕಳಿದ್ದರೆ ಲಾಂಗ್ಜಾ, ಅದೂ ಕಾಜಾಗೆ ಬಂದ ಮೂರನೆಯ ದಿನ. ಬೈಕಿನವರಿಗೆ ಒಂದೇ ಮಾತು: ಪೆಟ್ರೋಲ್ ಕಾಜಾದಲ್ಲಿ ತುಂಬಿಸಿಕೊಳ್ಳಿ, ಅಡ್ಡದಾರಿಗಳಲ್ಲಿ ಸಿಗುವುದಿಲ್ಲ. ಮನಾಲಿಯಿಂದ ಮನಾಲಿಗೆ ಐದೇ ದಿನದ ರಜೆ ಇರುವವರು ಕಾಜಾದಲ್ಲಿ ಮೊದಲ ದಿನ ಸುಮ್ಮನೆ ಮಲಗಿ, ಎರಡನೆಯ ದಿನ ಕೀ ಮತ್ತು ಚಿಚಮ್, ಮೂರನೆಯ ದಿನ ಢಂಕರ್ ಅಥವಾ ಲಾಂಗ್ಜಾದಲ್ಲಿ ಒಂದು, ಹೋಗುವಾಗ ಚಂದ್ರತಾಲ್. ಢಂಕರ್, ಲಾಂಗ್ಜಾ ಎರಡನ್ನೂ ಒಂದೇ ದಿನಕ್ಕೆ ತುರುಕಬಹುದೇ ಎಂದು ಕೇಳುತ್ತೀರಿ ಎಂದು ಗೊತ್ತು. ಚಾಲಕರು ಆಗುತ್ತದೆ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ.

ಎಲ್ಲರಿಗೂ ಸಲ್ಲುವ ಎರಡು ಸಣ್ಣ ವಿಷಯ. ಊರುಗಳಲ್ಲಿ ಕಾರ್ಡು ನಡೆಯುವುದಿಲ್ಲ, ಮೊಬೈಲ್ ಪಾವತಿ ಸಂಪರ್ಕವಿದ್ದರೆ ಮಾತ್ರ. ಆದ್ದರಿಂದ ಕಾಜಾ ತಲುಪುವ ಮೊದಲೇ ನಗದು ಇಟ್ಟುಕೊಳ್ಳಿ, ಚಿಲ್ಲರೆ ನೋಟುಗಳಲ್ಲಿ. ಲಾಲುಂಗಿಗೆ ಹೋಗುವವರು ಟಾರ್ಚು ಮರೆಯಬೇಡಿ. ಆಗಸ್ಟಿನಲ್ಲಾದರೆ ಬೆಳಗ್ಗೆ ಎಂಟಕ್ಕೆ ಮೊದಲೇ ಊರು ಸೇರಿ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ. ಆಮೇಲಾದರೆ ಹೊಲದಲ್ಲಿ ಹುಡುಕಬೇಕಾಗುತ್ತದೆ.